ಮನೆಗೊಂದೇ ಕಂಪ್ಯೂಟರ್, ಬೇಕಾದದ್ದು ವಿಂಡೋಸ್ ಮತ್ತು ಲಿನಕ್ಸ್ ಎರಡೂ: ಯಾರಿಗೆ ಯಾವ ದಾರಿ?

“ಸರ, ನನಗ ಲಿನಕ್ಸ್ ಬೇಕಾಗೇತ್ರಿ. ಆದ್ರ ಅಪ್ಪಾರ ಟ್ಯಾಲಿಗೆ ಏನೂ ಆಗಬಾರ್ದು ನೋಡ್ರಿ.” ಬಾಗಲಕೋಟೆಯಲ್ಲಿ ಕಂಪ್ಯೂಟರ್ ಬಲ್ಲವರೆಂದು ಹೆಸರಾದವರಿಗೆಲ್ಲ ಈ ಮಾತು ಪರಿಚಿತ. ಹುಡುಗ ಎಂಜಿನಿಯರಿಂಗ್ ಸೇರಿ ಲ್ಯಾಬಿನಲ್ಲಿ ಉಬುಂಟು (ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಒಂದು ರೂಪ) ನೋಡಿರುತ್ತಾನೆ, ಮನೆಯಲ್ಲೂ ಅದೇ ಬೇಕೆನಿಸುತ್ತದೆ. ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಎಪಿಎಂಸಿ ದುಕಾನಿನ ಟ್ಯಾಲಿ ಲೆಕ್ಕ, ಅಕ್ಕನ ಬ್ಯಾಂಕ್ ಪರೀಕ್ಷೆಯ ಪಿಡಿಎಫ್, ತಮ್ಮನ ಗೇಮು, ಜಾತ್ರೆಯ ಫೋಟೊ ಎಲ್ಲವೂ ಅದರ ಒಂದೇ ಡಿಸ್ಕಿನಲ್ಲಿ ಒತ್ತೊತ್ತಾಗಿ ಕೂತಿರುತ್ತವೆ.

ಎರಡು ಆಪರೇಟಿಂಗ್ ಸಿಸ್ಟಂ ಹಾಕುವುದು ಹೇಗೆಂದು ಹೇಳಿಕೊಡುವ ವಿಡಿಯೊಗಳಿಗೆ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಒಬ್ಬನೇ ಬಳಸುವ ಲ್ಯಾಪ್‌ಟಾಪನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು. ನಮ್ಮ ಕಡೆ ಕಂಪ್ಯೂಟರ್ ಮನೆಮಂದಿಗೆಲ್ಲ ಸೇರಿದ್ದು. ಹಾಗಾಗಿ ಲಿನಕ್ಸಿನ ರೂಪಗಳಲ್ಲಿ ಉಬುಂಟು ಒಳ್ಳೆಯದೋ ಮಿಂಟ್ ಒಳ್ಳೆಯದೋ ಎಂಬ ಚರ್ಚೆ ಆಮೇಲಿನದು. ನೀವು ಕಾಲೇಜಿಗೆ ಹೋದಾಗ ಆ ಕಂಪ್ಯೂಟರನ್ನು ಆನ್ ಮಾಡುವವರು ಯಾರು? ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬಂದು ನಿಂತರೆ ಅವರು ಏನು ಮಾಡುತ್ತಾರೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗಿಯೇ ಮುಗಿದಂತೆ.

ಇನ್ನೊಂದು ಕಾರಣಕ್ಕೂ ಈ ಪ್ರಶ್ನೆ ಈಗ ಹೆಚ್ಚು ಕೇಳಿಬರುತ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತೆಯ ಸೌಲಭ್ಯ ಬೇಕು, ಪ್ರೊಸೆಸರ್ ಇಂಟೆಲ್‌ದಾದರೆ ಹೆಚ್ಚೂಕಡಿಮೆ 8ನೇ ಪೀಳಿಗೆಯದೋ ಅದಕ್ಕಿಂತ ಹೊಸದೋ ಆಗಿರಬೇಕು. 6ನೇ, 7ನೇ ಪೀಳಿಗೆಯ ಗಟ್ಟಿಮುಟ್ಟಾದ ಡೆಸ್ಕ್‌ಟಾಪ್‌ಗಳು ನಮ್ಮ ಜಿಲ್ಲೆಗಳ ಮನೆಗಳಲ್ಲಿ ಬೇಕಾದಷ್ಟಿವೆ. ಅವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಲಿನಕ್ಸ್ ಕಡೆ ನೋಡುವವರು ಹೆಚ್ಚಿದ್ದಾರೆ. ಆದರೆ ಯಾವುದೋ ಒಂದು ವಿಂಡೋಸ್ ತಂತ್ರಾಂಶ ಕಾಲು ಹಿಡಿದು ಎಳೆಯುತ್ತಿರುತ್ತದೆ.

ಒಂದೇ ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಹಾಕುವುದು, ಎರಡನೇ ಡಿಸ್ಕ್ ತಂದು ಅದರಲ್ಲಿ ಲಿನಕ್ಸ್ ಹಾಕುವುದು, ವಿಂಡೋಸಿನ ಒಳಗೇ ವರ್ಚುವಲ್ ಮಷೀನ್ (ತಂತ್ರಾಂಶದಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್) ಮಾಡುವುದು, ವಿಂಡೋಸಿನಲ್ಲೇ ಲಿನಕ್ಸಿನ ಆದೇಶಗಳನ್ನು ನಡೆಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳುವುದು, ಪೆನ್ ಡ್ರೈವ್‌ನಿಂದಲೇ ನಡೆಸುವುದು. ಇವಿಷ್ಟು ದಾರಿಗಳು. ಎಲ್ಲರ ಬಾಯಲ್ಲೂ ಮೊದಲು ಬರುವುದು ಮೊದಲನೆಯದೇ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ನಾನು ಮಾತ್ರ ಅದನ್ನು ಬೇರೆಲ್ಲ ದಾರಿಗಳ ನಂತರವೇ ಹೇಳುತ್ತೇನೆ. ಯಾಕೆಂದು ಸ್ವಲ್ಪ ವಿವರವಾಗಿ ಹೇಳಬೇಕು.

ಒಂದೇ ಡಿಸ್ಕಿನಲ್ಲಿ ಡ್ಯುಯಲ್ ಬೂಟ್

ಒಂದೇ ಹೊಲಕ್ಕೆ ನಡುವೆ ಬದು ಹಾಕಿ ಅಣ್ಣತಮ್ಮಂದಿರಿಗೆ ಹಂಚಿದ ಹಾಗೆ ಇದು. ಖರ್ಚಿಲ್ಲ, ಎರಡೂ ಸಿಸ್ಟಂಗಳಿಗೆ ಕಂಪ್ಯೂಟರಿನ ಪೂರ್ತಿ ಶಕ್ತಿ ಸಿಗುತ್ತದೆ. ರ‍್ಯಾಮ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಯಾವುದರಲ್ಲೂ ಪಾಲಿಲ್ಲ, ಆನ್ ಮಾಡಿದಾಗ ಯಾವುದನ್ನು ಆರಿಸಿದಿರೋ ಎಲ್ಲವೂ ಅದರದ್ದೇ. 4 ಜಿಬಿ ರ‍್ಯಾಮಿನ ಹಳೆಯ ಯಂತ್ರದಲ್ಲಿ ವರ್ಚುವಲ್ ಮಷೀನ್ ತೆವಳುತ್ತದೆ, ಅಲ್ಲಿ ಇದೇ ಗತಿ. ಕೃತಕ ಬುದ್ಧಿಮತ್ತೆಯ ಪ್ರಾಜೆಕ್ಟಿಗೆ ಎನ್ವಿಡಿಯಾ ಕಾರ್ಡು ನೇರವಾಗಿ ಬೇಕೆನ್ನುವವರಿಗೂ ಇದು ಸರಿ.

ತಂಟೆ ಶುರುವಾಗುವುದು ಡಿಸ್ಕ್ ಪಾಲು ಮಾಡುವ ಮೊದಲೇ. ಇತ್ತೀಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ (ಕೀ ಇಲ್ಲದೆ ಓದಲಾಗದಂತೆ ಡಿಸ್ಕಿಗೆ ಹಾಕಿದ ಬೀಗ) ಸದ್ದಿಲ್ಲದೆ ಆನ್ ಆಗಿರುತ್ತದೆ. ಹೋಮ್ ಆವೃತ್ತಿಯಲ್ಲಿ ಅದಕ್ಕೆ ಡಿವೈಸ್ ಎನ್‌ಕ್ರಿಪ್ಶನ್ ಎಂದೂ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಎಂದೂ ಹೆಸರು. ಬಯೋಸಿನಲ್ಲಿ (ಕಂಪ್ಯೂಟರ್ ಏಳುವಾಗಿನ ಮೂಲ ಸೆಟ್ಟಿಂಗಿನಲ್ಲಿ) ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಆಫ್ ಮಾಡಿದರೆ, ಬೂಟ್ ಆಗುವ ದಾರಿ ಬದಲಾದರೆ, ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿ ನಿಂತುಬಿಡಬಹುದು. ಆ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ ಅನ್ನುತ್ತಾರೆ, ನಿಜ. ಆದರೆ ಯಾರ ಖಾತೆ? ಲ್ಯಾಪ್‌ಟಾಪ್ ತಂದ ದಿನ ಕಾಕಾನ ಮಗನೋ ಅಂಗಡಿಯ ಹುಡುಗನೋ ಅವಸರದಲ್ಲಿ ತೆರೆದ ಇಮೇಲ್ ಅದು, ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಕೀ ಇಲ್ಲದಿದ್ದರೆ ಒಳಗಿನ ಫೈಲುಗಳ ಆಸೆ ಬಿಡಬೇಕಾದೀತು. ಆದ್ದರಿಂದ ಏನು ಮಾಡುವುದಿದ್ದರೂ ಮೊದಲು ಆ ಖಾತೆಗೆ ಲಾಗಿನ್ ಆಗಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆಮೇಲೆ ಎನ್‌ಕ್ರಿಪ್ಶನ್ ಆಫ್ ಮಾಡಿ, ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಎನ್‌ಕ್ರಿಪ್ಟ್ ಆದ ಡಿಸ್ಕನ್ನು ಉಬುಂಟುವಿನ ಇನ್‌ಸ್ಟಾಲರ್ ಹೇಗೂ ಕುಗ್ಗಿಸುವುದಿಲ್ಲ.

ಕುಗ್ಗಿಸುವ ಕೆಲಸವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಮಾಡುವುದು ಲೇಸು. 100 ಜಿಬಿ ಖಾಲಿ ಇದ್ದರೂ ಅದು ಕೆಲವೊಮ್ಮೆ 10-15 ಜಿಬಿ ಮಾತ್ರ ಬಿಟ್ಟುಕೊಡುತ್ತದೆ. ಜಾಗ ಬಿಟ್ಟು ಕದಲದ ಕೆಲವು ಫೈಲುಗಳು ನಡುವೆ ಕೂತಿರುವುದೇ ಅದಕ್ಕೆ ಕಾರಣ. ಹೈಬರ್ನೇಶನ್, ಪೇಜ್ ಫೈಲ್, ರಿಸ್ಟೋರ್ ಪಾಯಿಂಟುಗಳನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಮತ್ತೆ ನೋಡಿ. ಉಬುಂಟುವಿಗೆ 25 ಜಿಬಿ ಸಾಕೆಂದು ಹೇಳಿದ್ದರೂ ವರ್ಷ ತುಂಬುವುದರೊಳಗೆ ಅದು ಇಕ್ಕಟ್ಟಾಗುತ್ತದೆ; 60 ಜಿಬಿ ಕೊಡಿ. ಒಟ್ಟು 256 ಜಿಬಿಯ ಎಸ್‌ಎಸ್‌ಡಿ ಇದ್ದು ಅದೂ ಮುಕ್ಕಾಲು ತುಂಬಿದ್ದರೆ ಈ ದಾರಿಯ ಯೋಚನೆಯನ್ನೇ ಬಿಡಿ.

ಕರೆಂಟಿನ ಮಾತು ವಿಡಿಯೊಗಳಲ್ಲಿ ಬರುವುದೇ ಇಲ್ಲ. ಪಾರ್ಟಿಷನ್, ಅಂದರೆ ಡಿಸ್ಕಿನ ಪಾಲು, ಕುಗ್ಗುತ್ತಿರುವಾಗ ಕರೆಂಟ್ ಹೋದರೆ ಎರಡೂ ಪಾಲು ಕೆಡಬಹುದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಚಾರ್ಜ್ ತುಂಬಿಸಿಕೊಂಡು ಕೂತರೆ ಆಯಿತು. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ, ಇದ್ದರೂ ಅದರ ಬ್ಯಾಟರಿ ಸತ್ತು ಬರೀ ಸ್ವಿಚ್ ಬೋರ್ಡಿನಂತೆ ಕೆಲಸ ಮಾಡುತ್ತಿದ್ದರೆ, ಏಪ್ರಿಲ್-ಮೇ ತಿಂಗಳ ಸಂಜೆ ಗಾಳಿ-ಮಳೆ ಏಳುವ ಹೊತ್ತಿಗೆ ಈ ಕೆಲಸಕ್ಕೆ ಕೈಹಾಕಬೇಡಿ. ಹೆಸ್ಕಾಂನವರು ಲೈನ್ ಕೆಲಸಕ್ಕೆಂದು ಕರೆಂಟ್ ತೆಗೆಯುವ ದಿನ ಯಾವುದೆಂದು ಪತ್ರಿಕೆಯಲ್ಲಿ ನೋಡಿಕೊಂಡೇ ಮುಹೂರ್ತ ಇಟ್ಟುಕೊಳ್ಳಿ.

ಹಾಕಿದ ಮೇಲೂ ಎರಡು ಸಣ್ಣ ಕಿರಿಕಿರಿಗಳಿವೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಗೆ ಹೋಗುತ್ತದೆ. ಆಗ ಲಿನಕ್ಸಿನಿಂದ ವಿಂಡೋಸಿನ ಡ್ರೈವ್ ತೆರೆಯಲು ಹೋದರೆ ಅದು ತೆರೆಯುವುದಿಲ್ಲ, ಇಲ್ಲವೇ ಓದಲು ಮಾತ್ರ ಬಿಡುತ್ತದೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಶನ್ಸಿಗೆ ಹೋಗಿ ಅದನ್ನು ಆಫ್ ಮಾಡಬೇಕು. ಇನ್ನೊಂದು ಗಡಿಯಾರ. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ನಮ್ಮ ಸಮಯವೆಂದು ವಿಂಡೋಸ್ ತಿಳಿಯುತ್ತದೆ, ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದು ಎಣಿಸುತ್ತದೆ. ನಡುವೆ ಐದೂವರೆ ತಾಸಿನ ಅಂತರ. ಮಗ ಲಿನಕ್ಸ್ ಬಳಸಿ ಎದ್ದುಹೋದ ಮೇಲೆ ಅಪ್ಪ ಸಂಜೆ ಏಳಕ್ಕೆ ವಿಂಡೋಸ್ ತೆರೆದರೆ ಮೂಲೆಯಲ್ಲಿ ಮಧ್ಯಾಹ್ನ ಒಂದೂವರೆ ಕಾಣಬಹುದು. ರಾತ್ರಿ ಎರಡು ಗಂಟೆಗೆ ಕೂತವನ ಪರದೆಯಲ್ಲಿ ತಾರೀಖೇ ಹಿಂದಿನ ದಿನದ್ದಾಗಿರುತ್ತದೆ. ಸ್ಥಳೀಯ ಸಮಯವನ್ನೇ ಇಟ್ಟುಕೋ ಎಂದು ಲಿನಕ್ಸಿಗೆ ಒಂದು ಸಾಲಿನ ಆದೇಶ ಕೊಟ್ಟರೆ ಇದು ನಿಲ್ಲುತ್ತದೆ.

ದೊಡ್ಡ ವಿಷಯ ಬೂಟ್ ಮೆನುವಿನದು. ಲಿನಕ್ಸ್ ಹಾಕಿದಾಗ ಗ್ರಬ್ ಎಂಬ ಮೆನು ಮುಂದೆ ಬಂದು ಕೂರುತ್ತದೆ, ಕೆಲವು ಸೆಕೆಂಡಿನಲ್ಲಿ ಆರಿಸದಿದ್ದರೆ ಲಿನಕ್ಸನ್ನೇ ತೆರೆಯುತ್ತದೆ. “ಇದೇನೋ ಬ್ಯಾರೇನ ಬಂತಲ್ಲೋ ತಮ್ಮಾ” ಎಂದು ಅವ್ವ ಫೋನ್ ಮಾಡುವುದು ಆಗಲೇ. ಇದಕ್ಕೆ ನನ್ನ ಉಪಾಯ ಸರಳ: ಬಯೋಸಿನ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಿಡಿ. ಆಗ ಬಟನ್ ಒತ್ತಿದವರಿಗೆಲ್ಲ ಎಂದಿನ ವಿಂಡೋಸೇ ಬರುತ್ತದೆ. ಲಿನಕ್ಸ್ ಬೇಕಾದವನು ಆನ್ ಮಾಡುವಾಗ ಬೂಟ್ ಮೆನುವಿನ ಕೀ ಒತ್ತಲಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಕಷ್ಟಪಡುವುದಿದ್ದರೆ ಆಸೆಪಟ್ಟವನೇ ಪಡಲಿ.

ಇಷ್ಟಾದರೂ ವಿಂಡೋಸಿನ ಅಪ್‌ಡೇಟ್ ಯಾವತ್ತಾದರೂ ಕೈಕೊಡಬಹುದು. 2024ರ ಆಗಸ್ಟಿನ ಸುರಕ್ಷತೆಯ ಅಪ್‌ಡೇಟ್ ಹಾಕಿಕೊಂಡ ಮೇಲೆ ಜಗತ್ತಿನಾದ್ಯಂತ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಹಳೆಯ ಬೂಟ್ ತಂತ್ರಾಂಶಗಳನ್ನು ತಡೆಯಲು ತಂದ ನಿಯಮ ಲಿನಕ್ಸಿನದನ್ನೂ ತಡೆದುಬಿಟ್ಟಿತ್ತು. ಸರಿಪಡಿಸುವ ದಾರಿ ಇತ್ತು, ಬಲ್ಲವರು ಮಾಡಿಕೊಂಡರು. ಬೇಡವಾದಾಗ ತೆಗೆಯುವುದಕ್ಕೂ ಕ್ರಮವಿದೆ. ಲಿನಕ್ಸಿನ ಪಾರ್ಟಿಷನ್ನನ್ನು ಸುಮ್ಮನೆ ಅಳಿಸಿದರೆ ಮುಂದಿನ ಸಲ ಗ್ರಬ್ ತನ್ನ ಫೈಲು ಕಾಣದೆ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಮೊದಲು ಬೂಟ್ ಪಟ್ಟಿಯಲ್ಲಿ ವಿಂಡೋಸನ್ನು ಮೇಲೆ ತಂದು, ಆಮೇಲೆ ಅಳಿಸಬೇಕು.

ಎರಡನೇ ಡಿಸ್ಕ್

ಡೆಸ್ಕ್‌ಟಾಪ್ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಹೆಚ್ಚಿನ ಮದರ್‌ಬೋರ್ಡುಗಳಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಒಂದಾದರೂ ಖಾಲಿ ಇರುತ್ತದೆ. ಸಣ್ಣದೊಂದು ಎಸ್‌ಎಸ್‌ಡಿ, ಒಂದು ಸಾಟಾ ಕೇಬಲ್ ಸಾಕು. ಲಿನಕ್ಸಿಗೆ 120 ಜಿಬಿಯೇ ಧಾರಾಳ.

ಗುಟ್ಟಿರುವುದು ಹಾಕುವ ರೀತಿಯಲ್ಲಿ. ಲಿನಕ್ಸ್ ಇನ್‌ಸ್ಟಾಲ್ ಮಾಡುವ ಮೊದಲು ಕಂಪ್ಯೂಟರ್ ಆಫ್ ಮಾಡಿ ವಿಂಡೋಸ್ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಕೆಲವು ಇನ್‌ಸ್ಟಾಲರ್‌ಗಳು ಲಿನಕ್ಸನ್ನು ಎರಡನೇ ಡಿಸ್ಕಿಗೆ ಹಾಕಿದರೂ ಬೂಟ್ ಫೈಲುಗಳನ್ನು ಮೊದಲ ಡಿಸ್ಕಿನಲ್ಲೇ ಇಟ್ಟುಬಿಡುತ್ತವೆ. ಕೇಬಲ್ ಕಿತ್ತಿದ್ದರೆ ಅಪ್ಪನ ಟ್ಯಾಲಿಯನ್ನು ಮುಟ್ಟಲು ಇನ್‌ಸ್ಟಾಲರಿಗೆ ದಾರಿಯೇ ಇರುವುದಿಲ್ಲ. ತಪ್ಪು ಬಟನ್ ಒತ್ತಿದರೂ ಹೋಗುವುದು ಖಾಲಿ ಡಿಸ್ಕು ಮಾತ್ರ. ಮುಗಿದ ಮೇಲೆ ಕೇಬಲ್ ಮತ್ತೆ ಹಾಕಿ, ಬಯೋಸಿನಲ್ಲಿ ವಿಂಡೋಸ್ ಡಿಸ್ಕನ್ನೇ ಮೊದಲು ಇಡಿ. ನಾಳೆ ಲಿನಕ್ಸ್ ಸಾಕೆನಿಸಿದರೆ ಡಿಸ್ಕನ್ನು ಕಳಚಿ ಬೇರೆ ಕೆಲಸಕ್ಕೆ ಬಳಸಬಹುದು. ಎನ್‌ಕ್ರಿಪ್ಶನ್ ಕೀ ಬರೆದಿಟ್ಟುಕೊಳ್ಳುವುದು ಇಲ್ಲೂ ತಪ್ಪದು. ಗಡಿಯಾರದ ಕಿರಿಕಿರಿಯೂ ತಪ್ಪದು.

ಲ್ಯಾಪ್‌ಟಾಪ್ ಆದರೆ ಡಿಸ್ಕ್ ಕೂರಿಸುವ ಎರಡನೇ ಎಂ.2 ಸ್ಲಾಟ್ ಇದೆಯೇ ನೋಡಬೇಕು. ಡಿವಿಡಿ ಡ್ರೈವ್ ಇರುವ ಹಳೆಯವುಗಳಲ್ಲಿ ಅದನ್ನು ತೆಗೆದು ಆ ಜಾಗಕ್ಕೆ ಹೊಂದುವ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಎಸ್‌ಎಸ್‌ಡಿ ಕೂರಿಸಬಹುದು. ಎರಡೂ ಇಲ್ಲವೆಂದರೆ ಯುಎಸ್‌ಬಿ ಎಸ್‌ಎಸ್‌ಡಿ ಇದೆ. ಮೂಲೆಯಲ್ಲಿ ಬಿದ್ದಿರುವ ಹಳೆಯ ಹಾರ್ಡ್ ಡಿಸ್ಕಿಗೆ ಲಿನಕ್ಸ್ ಹಾಕಿ “ಲಿನಕ್ಸ್ ನಿಧಾನ ಐತಿ” ಅನ್ನಬೇಡಿ, ನಿಧಾನ ಇರುವುದು ಡಿಸ್ಕು.

ವಿಂಡೋಸಿನ ಒಳಗೇ

ವರ್ಚುವಲ್ ಬಾಕ್ಸ್ ಉಚಿತ. ವಿಎಂವೇರ್ ವರ್ಕ್‌ಸ್ಟೇಶನ್ ಪ್ರೊ ಕೂಡ 2024ರಿಂದ ಉಚಿತವಾಗಿದೆ. ಇವು ವಿಂಡೋಸಿನಲ್ಲಿ ಒಂದು ಕಿಟಕಿ ತೆರೆದು ಅದರೊಳಗೆ ಇಡೀ ಲಿನಕ್ಸನ್ನು ನಡೆಸುತ್ತವೆ. ಪಾರ್ಟಿಷನ್ ಇಲ್ಲ, ಬೂಟ್ ಮೆನು ಇಲ್ಲ, ಮನೆಯವರಿಗೆ ಅದು ಇದೆಯೆಂದೂ ಗೊತ್ತಾಗುವುದಿಲ್ಲ. ಕೆಡಿಸುವ ಮೊದಲು ಸ್ನ್ಯಾಪ್‌ಶಾಟ್ ತೆಗೆದುಕೊಂಡರೆ, ಕೆಟ್ಟ ಮೇಲೆ ಒಂದು ಕ್ಲಿಕ್ಕಿನಲ್ಲಿ ಹಿಂದಿನ ಸ್ಥಿತಿಗೆ ಬರಬಹುದು. ಕಲಿಯುವವರಿಗೆ ಇದು ದೊಡ್ಡ ಧೈರ್ಯ. ಕೆಡಿಸದೆ ಲಿನಕ್ಸ್ ಕಲಿತವರನ್ನು ನಾನಂತೂ ನೋಡಿಲ್ಲ.

ಅದು ಕೇಳುವ ಬೆಲೆ ರ‍್ಯಾಮ್. ಒಟ್ಟು 8 ಜಿಬಿ ಇದ್ದರೆ ಲಿನಕ್ಸಿಗೆ 3-4 ಕೊಟ್ಟು, ಕ್ರೋಮಿನ ಹತ್ತಾರು ಟ್ಯಾಬು ಮುಚ್ಚಿಕೊಂಡು ಕೂರಬೇಕು. 16 ಇದ್ದರೆ ಆರಾಮ. ಬಯೋಸಿನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು, ಎಷ್ಟೋ ಹಳೆಯ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ. ಗೇಮಿಗೆ, ಗ್ರಾಫಿಕ್ಸ್ ಕಾರ್ಡ್ ಬೇಡುವ ಕೆಲಸಕ್ಕೆ ಇದು ಬೇಡ. ವರ್ಚುವಲ್ ಡಿಸ್ಕಿನ ಫೈಲನ್ನು ಪೆನ್ ಡ್ರೈವಿಗೆ ಬ್ಯಾಕಪ್ ಮಾಡುವಾಗ ಪೆನ್ ಡ್ರೈವಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲು ಅದರಲ್ಲಿ ಹಿಡಿಸದು.

ವಿಟಿಯುದಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಇದಕ್ಕಿಂತಲೂ ಹಗುರಾದದ್ದು ಡಬ್ಲ್ಯುಎಸ್‌ಎಲ್. ಇದು ಮೈಕ್ರೋಸಾಫ್ಟೇ ಕೊಡುವ ಸೌಲಭ್ಯ, ಹೋಮ್ ಆವೃತ್ತಿಯಲ್ಲೂ ಇದೆ. ಒಂದು ಆದೇಶ ಟೈಪ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಉಬುಂಟುವಿನ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ಸಿಗುತ್ತದೆ. ಆಪರೇಟಿಂಗ್ ಸಿಸ್ಟಂ ಲ್ಯಾಬಿನ ಸಿ ಪ್ರೋಗ್ರಾಂ, ಶೆಲ್ ಸ್ಕ್ರಿಪ್ಟ್, ಪೈಥಾನ್ ಎಲ್ಲಕ್ಕೂ ಸಾಕು. ಫೈಲುಗಳನ್ನು ಲಿನಕ್ಸಿನ ಕಡೆಯ ಫೋಲ್ಡರಿನಲ್ಲೇ ಇಟ್ಟುಕೊಳ್ಳಿ, ಸಿ ಡ್ರೈವಿನಲ್ಲಿಟ್ಟು ಅಲ್ಲಿಂದ ಓಡಿಸಿದರೆ ನಿಧಾನ. ಲಿನಕ್ಸಿನ ಡೆಸ್ಕ್‌ಟಾಪ್ ನೋಡಬೇಕು, ಅದರಲ್ಲೇ ಬದುಕಬೇಕು ಎಂಬ ಆಸೆ ಇದ್ದವರಿಗೆ ಮಾತ್ರ ಇದು ಸಪ್ಪೆ.

ಪೆನ್ ಡ್ರೈವ್ ದಾರಿಯನ್ನು ಕಾಯಂ ವ್ಯವಸ್ಥೆ ಎನ್ನಲಾರೆ, ಆದರೆ ಆಯ್ಕೆಗೆ ಮೊದಲು ಪ್ರತಿಯೊಬ್ಬರೂ ಮಾಡಬೇಕಾದ ಪರೀಕ್ಷೆ ಅದು. ರೂಫಸ್ ಅಥವಾ ವೆಂಟಾಯ್ ಎಂಬ ತಂತ್ರಾಂಶ ಬಳಸಿ ಲಿನಕ್ಸ್ ಏಳುವ ಪೆನ್ ಡ್ರೈವ್ ಮಾಡಿ, ಇನ್‌ಸ್ಟಾಲ್ ಮಾಡದೆ “ಟ್ರೈ” ಒತ್ತಿ, ವೈಫೈ, ಸೌಂಡ್, ಟಚ್‌ಪ್ಯಾಡ್ ನಡೆಯುತ್ತವೆಯೇ ನೋಡಿ. ಒಳಗಿನ ಡಿಸ್ಕೇ ಕಾಣಿಸದಿದ್ದರೆ ಬಯೋಸಿನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಡಿಸ್ಕ್ ಸೆಟ್ಟಿಂಗ್ ಆನ್ ಇರಬಹುದು. ಅದನ್ನು ಏಕಾಏಕಿ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು, ಬಲ್ಲವರನ್ನು ಕೇಳಿ ಮುಟ್ಟಿ.

ಕನ್ನಡ, ಪ್ರಿಂಟರ್, ಸಹಿಯ ಟೋಕನ್

ಯಾವುದು ವಿಂಡೋಸಿನಲ್ಲೇ ಉಳಿಯಬೇಕು ಎಂಬುದನ್ನು ತೀರ್ಮಾನಿಸುವುದು ಸಾಮಾನ್ಯವಾಗಿ ಈ ಮೂರು. ನುಡಿ, ಬರಹ ಎರಡೂ ವಿಂಡೋಸ್ ತಂತ್ರಾಂಶಗಳು. ಹೊಸದಾಗಿ ಯುನಿಕೋಡಿನಲ್ಲಿ ಟೈಪ್ ಮಾಡುವುದಾದರೆ ಲಿನಕ್ಸಿನಲ್ಲಿ ತೊಂದರೆಯಿಲ್ಲ, ಅದರ ಟೈಪಿಂಗ್ ಸೌಲಭ್ಯವಾದ ಐಬಸ್‌ನಲ್ಲಿ ಎಂ17ಎನ್ ಎಂಬ ಕೀಲಿಮಣೆಗಳ ಕಂತೆ ಹಾಕಿಕೊಂಡರೆ ನುಡಿಯ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡೂ ಟೈಪ್ ಮಾಡುವ ಮನೆಗಳಿಗೆ ನಾನು ಇನ್‌ಸ್ಕ್ರಿಪ್ಟ್ ಕಲಿಯಿರಿ ಅನ್ನುತ್ತೇನೆ. ಎರಡು ಲಿಪಿಗಳಲ್ಲೂ ಒಂದೇ ಉಚ್ಚಾರಕ್ಕೆ ಒಂದೇ ಕೀ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಅದೇ ಜೋಡಣೆ. ಆದರೆ ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನ ಕಡತಗಳು, ಕೋರಲ್ ಡ್ರಾದಲ್ಲಿ ಮಾಡಿದ ಲಗ್ನಪತ್ರಿಕೆಗಳು ಇದ್ದರೆ ವಿಂಡೋಸ್ ಬಿಡುವಂತಿಲ್ಲ. ಸಿವಿಲ್, ಮೆಕ್ಯಾನಿಕಲ್ ಓದುವವರ ಆಟೊಕ್ಯಾಡ್ ಕೂಡ ಅಷ್ಟೇ.

ಪ್ರಿಂಟರುಗಳಲ್ಲಿ ಎಚ್‌ಪಿಯ ಬಹಳಷ್ಟು ಮಾದರಿಗಳು ಲಿನಕ್ಸಿನಲ್ಲಿ ಸಲೀಸು. ಅಂಗಡಿ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಕ್ಯಾಪ್ಟ್ ಎಂಬ ಪ್ರತ್ಯೇಕ ಡ್ರೈವರ್ ಕೇಳುತ್ತದೆ, ಅದನ್ನು ಲಿನಕ್ಸಿನಲ್ಲಿ ಕೂರಿಸುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ. ಜಿಎಸ್‌ಟಿ, ಆದಾಯ ತೆರಿಗೆ ತಾಣಗಳು ಎಲ್ಲ ಬ್ರೌಸರಿನಲ್ಲೂ ತೆರೆಯುತ್ತವೆ. ಆದರೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಆ ಕೆಲಸಕ್ಕೆ ವಿಂಡೋಸನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಯಾರಿಗೆ ಏನು

ವಿದ್ಯಾಗಿರಿಯಲ್ಲಿ ರೂಮು ಮಾಡಿಕೊಂಡು ಓದುವ, 8 ಜಿಬಿಯ ಸ್ವಂತ ವಿಂಡೋಸ್ 11 ಲ್ಯಾಪ್‌ಟಾಪ್ ಇರುವ ಹುಡುಗ ಡಬ್ಲ್ಯುಎಸ್‌ಎಲ್‌ನಿಂದ ಶುರುಮಾಡಲಿ. ರೋಬೊಟಿಕ್ಸ್, ಡೀಪ್ ಲರ್ನಿಂಗ್ ಪ್ರಾಜೆಕ್ಟ್ ಬಂದು, ಡಿಸ್ಕು 512 ಜಿಬಿ ಇದ್ದು, ಬೇರೆ ಯಾರೂ ಆ ಲ್ಯಾಪ್‌ಟಾಪ್ ಮುಟ್ಟುವುದಿಲ್ಲವೆಂದರೆ ಆಗ ಒಂದೇ ಡಿಸ್ಕಿನ ಡ್ಯುಯಲ್ ಬೂಟ್ ಮಾಡಿಕೊಳ್ಳಲಿ. ಬೆಳಗಾವಿಯ ಮನೆಯೊಂದರ ನಡುಮನೆಯಲ್ಲಿ ಎಲ್ಲರೂ ಬಳಸುವ ಡೆಸ್ಕ್‌ಟಾಪ್ ಇದ್ದರೆ ಎರಡನೇ ಡಿಸ್ಕು, ಎರಡು ಮಾತಿಲ್ಲ. ತಮ್ಮನಿಗೆ ವ್ಯಾಲೊರಂಟ್ ಗೇಮ್ ಬೇಕಾದರೆ ಅವನು ವಿಂಡೋಸಿನಲ್ಲೇ ಇರಲಿ. ಅದರ ಕಾವಲು ತಂತ್ರಾಂಶಕ್ಕೆ ಲಿನಕ್ಸೂ ಆಗದು, ವರ್ಚುವಲ್ ಮಷೀನೂ ಆಗದು. ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರದ ಲೆಕ್ಕವೆಲ್ಲ ಇರುವ ಒಂದೇ ಕಂಪ್ಯೂಟರಿನಲ್ಲಿ ಮಗ ಪ್ರಯೋಗ ಮಾಡುತ್ತೇನೆಂದರೆ, ರ‍್ಯಾಮ್ ಹೆಚ್ಚಿಸಿ ವರ್ಚುವಲ್ ಮಷೀನ್ ಹಾಕಿಕೊಡಿ, ಪಾರ್ಟಿಷನ್ ಮುಟ್ಟಲು ಬಿಡಬೇಡಿ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹಳೆಯದೊಂದು ಲ್ಯಾಪ್‌ಟಾಪ್ ತೆಗೆದುಕೊಟ್ಟು ಅದಕ್ಕೆ ಬರೀ ಲಿನಕ್ಸ್ ಹಾಕಿಸುವುದು ಎಲ್ಲಕ್ಕಿಂತ ನೆಮ್ಮದಿ.

ವಿಂಡೋಸ್ 11 ಹಿಡಿಯದ 7ನೇ ಪೀಳಿಗೆಯ ಯಂತ್ರದ್ದು ತಿರುಗುಮುರುಗು ಲೆಕ್ಕ. ಅಲ್ಲಿ ಲಿನಕ್ಸೇ ಮುಖ್ಯವಾಗಲಿ. ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಉಬುಂಟುವಿನ ಎಲ್‌ಟಿಎಸ್ ಆವೃತ್ತಿಗೆ 5 ವರ್ಷ ಅಪ್‌ಡೇಟ್ ಬರುತ್ತದೆ. ಬಿಡಲಾಗದ ಆ ಒಂದು ಹಳೆಯ ತಂತ್ರಾಂಶಕ್ಕಾಗಿ ವಿಂಡೋಸನ್ನು ವರ್ಚುವಲ್ ಮಷೀನಿನಲ್ಲಿಟ್ಟು ಅದರ ಇಂಟರ್ನೆಟ್ ಸಂಪರ್ಕ ತೆಗೆದುಬಿಡಿ. ಕಂಪ್ಯೂಟರಿನ ಜೊತೆ ಬಂದ ಒಇಎಂ ವಿಂಡೋಸ್ ಲೈಸೆನ್ಸು ವರ್ಚುವಲ್ ಮಷೀನಿಗೆ ನಡೆಯದೆ ಹೋಗಬಹುದು, ಬೇರೆ ಕೊಳ್ಳಬೇಕಾದೀತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾವ ದಾರಿಯಾದರೂ ಟ್ಯಾಲಿಯ ಡೇಟಾ ಫೋಲ್ಡರು, ಫೋಟೊ, ಅಂಕಪಟ್ಟಿಗಳು ಬೇರೊಂದು ಡಿಸ್ಕಿಗೆ ಕಾಪಿ ಆಗಿರಬೇಕು. ಆ ಕಾಪಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿರಬೇಕು. ಇನ್ನು ದಿನ ಆರಿಸುವಾಗ ಮನೆಯ ವ್ಯಾಪಾರದ ಪಂಚಾಂಗ ನೋಡಿ. ತಿಂಗಳಿಗೊಮ್ಮೆ ಜಿಎಸ್‌ಟಿ ತುಂಬುವವರಿಗೆ ಜಿಎಸ್‌ಟಿಆರ್-1ರ ಗಡುವು 11ನೇ ತಾರೀಖು, 3ಬಿಯದು 20. ಆ ನಡುವೆ ಸ್ಕ್ರೂಡ್ರೈವರ್ ಹಿಡಿದು ಕೂರದೆ, 21ರ ನಂತರದ ಭಾನುವಾರ ಬೆಳಿಗ್ಗೆ ಶುರುಮಾಡಿದರೆ ಅಪ್ಪನೇ ಟಾರ್ಚ್ ಹಿಡಿದು ನಿಂತಾರು.